ಕತ್ತೆ ಆಯದ ಬಾಗಿಲು

ಜನವರಿ 16, ಗುರುವಾರ

ನನ್ನನ್ನು ಮನೆಗೆ ತಂದರು. ಬಂದೆ ಎಂದು ಬರೆಯೋಣವೆಂದರೆ ಅದರಲ್ಲಿ ನಾನು ಮಾಡಿದ್ದು ಏನೂ ಇಲ್ಲ. ಕಾರಿನಿಂದ ಇಬ್ಬರು ಎತ್ತಿಕೊಂಡರು, ಮಿಲ್ಲು ದಾಟಿಸಿದರು, ಎರಡು ಮೆಟ್ಟಿಲು ಹತ್ತಿಸಿದರು, ಮುಂಬಾಗಿಲಲ್ಲಿ ಓರೆ ಮಾಡಿ ತೂರಿಸಿದರು, ನಡುಮನೆಯ ಮಂಚದ ಮೇಲೆ ಇಟ್ಟರು. ರಾಗಿ ಮೂಟೆಗೂ ನನಗೂ ಇದ್ದ ವ್ಯತ್ಯಾಸವೆಂದರೆ, ಮೂಟೆಯನ್ನು ನೋಡಿ ಯಾರೂ ‘ಪಾಪ’ ಎನ್ನುವುದಿಲ್ಲ.

ಹಿಂದೆಯೇ ಅದನ್ನೂ ಮಡಚಿ ತಂದು ಗೋಡೆಗೆ ಒರಗಿಸಿದರು. ಗಾಲಿಕುರ್ಚಿ. ಒಂದು ಸಲ ಬರೆದಿದ್ದೇನೆ, ಸಾಕು. ಇನ್ನು ಮೇಲೆ ‘ಅದು’ ಅಷ್ಟೇ.

ದೀಪಾವಳಿ ಕಳೆದ ವಾರ ಅಟ್ಟದ ಏಣಿಯ ಮೇಲೆ ಆಯ ತಪ್ಪಿ ಬಿದ್ದೆ. ಅಂದಿನಿಂದ ಸೊಂಟದ ಕೆಳಗಿನ ಮೈ ನನ್ನ ಮಾತು ಕೇಳುತ್ತಿಲ್ಲ. ಇನ್ನು ಕೇಳುವುದೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ನೋಡಲು ಬಂದವರು ಬಾಗಿಲಲ್ಲೇ ಒಬ್ಬರಿಗೊಬ್ಬರು ಪಿಸುಗುಟ್ಟಿದರು: ಪ್ರೇಮಲತಂಗೆ ಆಯ ತಪ್ತಂತೆ. ನನ್ನ ಕಿವಿಗೇನೂ ಆಗಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಗುಬ್ಬಿಯ ಈ ರಸ್ತೆಗೆ ನಮ್ಮದೊಂದೇ ಹಿಟ್ಟಿನ ಮಿಲ್ಲು. ಮನೆಯ ಅಂಗಳಕ್ಕೆ ಶೀಟು ಹೊದಿಸಿ ಮಾಡಿದ್ದು. ಮುಂಬಾಗಿಲು ದಾಟಿದರೆ ಮಿಲ್ಲು, ಮಿಲ್ಲು ದಾಟಿದರೆ ರಸ್ತೆ. ಮದುವೆಯಾಗಿ ಬಂದ ವರ್ಷದಿಂದ ಅದನ್ನು ನಡೆಸಿದವಳು ನಾನು. ನಾನು ಬಿದ್ದ ದಿನದಿಂದ ಅದೂ ಬಾಯಿ ಮುಚ್ಚಿಕೊಂಡಿದೆ. ಇವತ್ತು ಅದರ ಪಕ್ಕದಲ್ಲೇ ನನ್ನನ್ನು ಎತ್ತಿಕೊಂಡು ಬಂದರು. ನಾನು ಆ ಕಡೆ ತಿರುಗಲಿಲ್ಲ.

ಜನವರಿ 19, ಭಾನುವಾರ

ನಮ್ಮವರು ಉದಯಕುಮಾರ್, ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಆಫೀಸಿನಲ್ಲಿ ಗುಮಾಸ್ತರು. ಇರುವೆಗೂ ನೋವು ಮಾಡದವರು. ಅಂಥವರ ಬಾಯಲ್ಲೇ ಇಂಥ ಮಾತು ಬರುವುದು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೇಳಿದರು, ಮಿಲ್ಲನ್ನು ಪೇಟೆಯ ಮಹಾಲಿಂಗಯ್ಯನವರಿಗೆ ಬಾಡಿಗೆಗೆ ಕೊಡಲು ಒಪ್ಪಿಕೊಂಡಿದ್ದಾರಂತೆ. ಯುಗಾದಿಯಿಂದ ಅವರು ನಡೆಸುತ್ತಾರಂತೆ. ಮನೆಗೂ ಮಿಲ್ಲಿಗೂ ಇರುವ ಮುಂಬಾಗಿಲಿಗೆ ಆ ಕಡೆಯಿಂದ ತಗಡು ಹೊಡೆದು ಬೀಗ ಹಾಕುತ್ತಾರಂತೆ. ನಾವೆಲ್ಲ ಹಿತ್ತಿಲ ಬಾಗಿಲಲ್ಲಿ ಓಡಾಡಬೇಕಂತೆ. ಹಿತ್ತಿಲಿಗೆ ನಾಲ್ಕು ಕಲ್ಲಿನ ಮೆಟ್ಟಿಲು, ಆಮೇಲೆ ಮೋರಿ.

ನನ್ನನ್ನು ಒಂದು ಮಾತು ಕೇಳಿದಿರಾ ಎಂದೆ.

“ನಿಂಗ್ಯಾಕೆ ಕಷ್ಟ ಅಂತ ಕಣೇ. ದಿನಾ ನಿನ್ನ ಮಿಲ್ಲಿಗೆ ಯಾರು ಕರ್ಕೊಂಡ್ ಹೋಗ್ತಾರೆ, ಯಾರು ಕರ್ಕೊಂಡ್ ಬರ್ತಾರೆ?”

ಅತ್ತೆ ಸರ್ವಮಂಗಳಮ್ಮ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದು ಕೂತಿದ್ದರು. ಬಾಗಿಲನ್ನು ಮುಟ್ಟಬಾರದು, ಮೊಳೆ ಹೊಡೆಯಬಾರದು, ತಗಡು ಗೋಡೆಗೇ ಹೊಡೆದುಕೊಳ್ಳಲಿ ಎಂದಷ್ಟೇ ಹೇಳಿದರು. ಬಾಗಿಲಿನ ಮೇಲಿರುವ ಕಾಳಜಿ ನೋಡು ಆ ಮುದುಕಿಗೆ. ರಾತ್ರಿ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಸಿಟ್ಟೇ ವಾಸಿ, ಅದಕ್ಕೆ ಕೈಕಾಲು ಇರುತ್ತದೆ.

ಜನವರಿ 28, ಮಂಗಳವಾರ

ನಾನು ಹಟ ಹಿಡಿದದ್ದಕ್ಕೆ ನಮ್ಮವರು ಮುಂಬಾಗಿಲ ಮೆಟ್ಟಿಲ ಮೇಲೆ ಜಾರು ಮಾಡಿಸಲು ಗಾರೆ ಕೆಲಸದ ರಾಮಾಂಜಿನಯ್ಯನನ್ನು ಕರೆಸಿದರು. ಹೇಗೂ ಯುಗಾದಿಯವರೆಗೆ ಆಸ್ಪತ್ರೆಗೆ ಹೋಗಿ ಬರಲು ಬೇಕಲ್ಲ ಎಂದು ಅವರ ಲೆಕ್ಕ. ರಾಮಾಂಜಿನಯ್ಯ ಯಾರನ್ನೂ ಏನೂ ಕೇಳಲಿಲ್ಲ. ಊರಿನ ಅರ್ಧ ಮನೆಗಳಿಗೆ ಅವನೇ ಮಾಡಿರುವ ಜಾರನ್ನೇ ಇಲ್ಲಿಯೂ ಮಾಡಿದ, ಸ್ಕೂಟರ್ ಹತ್ತಿಸುವ ಜಾರು. ಗಿಡ್ಡವಾಗಿ, ಕಡಿದಾಗಿ, ಮೇಲೆ ಚೆಂದಕ್ಕೆ ಗೀರು ಎಳೆದು.

ಒಣಗಿದ ಮೇಲೆ ಇವತ್ತು ಪರೀಕ್ಷೆ. ಅದನ್ನು ಬಾಗಿಲಾಚೆ ಇಟ್ಟು ಬಿಚ್ಚಿದರು, ನನ್ನನ್ನು ಎತ್ತಿ ಅದರೊಳಗೆ ಕೂರಿಸಿದರು. ನಮ್ಮವರು ಹಿಂದೆ ಹಿಡಿದುಕೊಂಡಿದ್ದರು. ಎರಡು ಹೆಜ್ಜೆಗೆ ಅವರ ಚಪ್ಪಲಿ ಜಾರಿತು, ಕೈ ಬಿಟ್ಟಿತು. ನಾನು ಹೋದ ವೇಗಕ್ಕೆ ಬೆಂಗಳೂರು ಬಸ್ಸೂ ಹೋಗುವುದಿಲ್ಲ. ಗೋಡೆಗೆ ಒರಗಿಸಿದ್ದ ಖಾಲಿ ಗೋಣಿಚೀಲದ ರಾಶಿ ನನ್ನನ್ನು ತಡೆಯಿತು. ತಲೆ ತುಂಬ ಹಳೇ ಹಿಟ್ಟು.

ರಾಮಾಂಜಿನಯ್ಯ ಬಂದು ನೋಡಿ, ಜಾರು ಸರಿಯಾಗೇ ಐತೆ, ಗಾಡಿಗೆ ಬ್ರೇಕ್ ಇಲ್ಲ ಅಷ್ಟೆ ಎಂದ. ನಾನು ನಕ್ಕೆ. ಬಿದ್ದ ಮೇಲೆ ಮೊದಲ ಸಲ ಇರಬೇಕು. ನಗುತ್ತಲೇ ಮಿಲ್ಲಿನ ಕಡೆ ನೋಡಿದೆ. ಹಿಟ್ಟು ಬೀಳುವ ಬಾಯಿ ಸರಿಯಾಗಿ ನನ್ನ ಕೈಮಟ್ಟಕ್ಕೆ ಇತ್ತು. ನಿಂತು ನಡೆಸುವಾಗ ಹಿಟ್ಟು ನುಣ್ಣಗೆ ಬಿತ್ತೋ ಇಲ್ಲವೋ ನೋಡಲು ಪ್ರತಿ ಸಲ ಬಗ್ಗಬೇಕಿತ್ತು.

ಫೆಬ್ರವರಿ 6, ಗುರುವಾರ

ಮನೆಯಲ್ಲಿ ಯಾರೂ ಇಲ್ಲದಾಗ ಮಂಚದಿಂದ ಅದರೊಳಗೆ ಜಾರಿಕೊಂಡೆ. ಮೊದಲ ಸಲ ನೆಲಕ್ಕೆ, ಎರಡನೇ ಸಲ ಅದಕ್ಕೆ. ಮುಂಬಾಗಿಲವರೆಗೆ ಉರುಳಿಸಿಕೊಂಡು ಹೋದೆ. ಬಾಗಿಲಲ್ಲಿ ಸಿಕ್ಕಿಕೊಂಡೆ. ಎರಡು ಕಡೆಯೂ ಬೆರಳಗಲ ಸಾಲದು. ಗೆಣ್ಣುಗಳ ಚರ್ಮ ಕಿತ್ತು ಬಂತು.

ಅತ್ತೆ ತರಕಾರಿ ತೆಗೆದುಕೊಂಡು ಹಿತ್ತಿಲಿಂದ ಬಂದಾಗ ನಾನು ಬಾಗಿಲಿಗೆ ಬಿರಡೆ ಹಾಕಿದಂತೆ ಕೂತಿದ್ದೆ. ಹಿಂದಕ್ಕೆ ಎಳೆದರು, ಅರಿಸಿನ ಹಚ್ಚಿದರು, ಹಚ್ಚುತ್ತಲೇ ಬೈದರು. ಬೈಗುಳದ ನಡುವೆ ಬಾಗಿಲಿನ ಕಥೆಯೂ ಬಂತು. ಮಾವ ಬದುಕಿದ್ದಾಗ ಚೌಕಟ್ಟನ್ನು ಅಗಲವಾಗಿಯೇ ಮಾಡಿಸಿದ್ದರಂತೆ. ಕೂರಿಸಿದ ಮೇಲೆ ಅಳೆದರೆ ಆಯ ಕೂಡಲಿಲ್ಲವಂತೆ. ಅಳತೆಯನ್ನು ಎಂಟರಿಂದ ಭಾಗಿಸಿದಾಗ ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ಎತ್ತು, ಏಳು ಆನೆ, ಇವೆಲ್ಲ ಮನೆಗೆ ಒಳ್ಳೆಯವು. ನಮ್ಮ ಬಾಗಿಲಿಗೆ ಆರು ಉಳಿಯಿತು. ಆರು ಎಂದರೆ ಕತ್ತೆ. ಅದಕ್ಕೇ ಚೌಕಟ್ಟಿನ ಎರಡೂ ಕಡೆ ಒಳಗೆ ತೇಗದ ಪಟ್ಟಿ ಹೊಡೆಸಿ, ಕಿರಿದು ಮಾಡಿ, ಸಿಂಹಕ್ಕೆ ತಂದರಂತೆ.

ಅತ್ತೆ ಅತ್ತ ಹೋದ ಮೇಲೆ ಪಟ್ಟಿಗಳನ್ನು ನೋಡಿದೆ. ಇಷ್ಟು ವರ್ಷ ಅವನ್ನು ಚೌಕಟ್ಟೇ ಅಂದುಕೊಂಡಿದ್ದೆ. ಮೊಳೆಯ ತಲೆಗಳು ಕಾಣುತ್ತವೆ.

ಫೆಬ್ರವರಿ 14, ಶುಕ್ರವಾರ

ಪಟ್ಟಿ ಕೀಳೋಣ ಎಂದು ನಾನು ಅಂದದ್ದೇ ತಡ, ಅತ್ತೆ ಕುಣಿಗಲ್‌ನಿಂದ ತಮ್ಮನನ್ನು ಕರೆಸಿಕೊಂಡರು. ಬಸವಪ್ರಭು ಮಾವ ಆಯ, ವಾಸ್ತು, ಹಲ್ಲಿ ಶಕುನ ಎಲ್ಲವನ್ನೂ ಬಲ್ಲವರು. ಟೇಪು ಹಿಡಿದು ಅಳೆದರು, ಬೆರಳು ಮಡಚಿದರು, ಪಟ್ಟಿ ಕಿತ್ತರೆ ಮತ್ತೆ ಕತ್ತೆಯೇ ಎಂದು ಖಚಿತ ಮಾಡಿದರು. ಆನೆಗೆ ಹೋಗಬೇಕೆಂದರೆ ಗೋಡೆಯನ್ನೇ ಒಡೆಯಬೇಕಂತೆ.

“ಸಿಂಹದ ಬಾಗ್ಲು ಕೆಡ್ಸಿ ಕತ್ತೆ ಬಾಗ್ಲು ಮಾಡ್ಕಂತೀಯೇನಮ್ಮ?”

ನನಗೆ ಕೋರ ಊರಿನಲ್ಲಿದ್ದ ನನ್ನ ಅಜ್ಜಿಯ ನಾಲಿಗೆ ಬಂದುಬಿಟ್ಟಿತು. “ಕತ್ತೆ ಹೊರೆ ಹೊತ್ಕಂಡು ಮನೆ ಸೇರ್ತದೆ ಮಾವ. ಸಿಂಹ ಯಾವತ್ತು ಯಾರ ಮನೆ ರಾಗಿ ಹೊತ್ತೈತೆ?”

ನಮ್ಮವರು ಕೆಮ್ಮಿದರು. ನಗು ಮರೆಸಲು ಕೆಮ್ಮಿದರೋ ಹೆದರಿ ಕೆಮ್ಮಿದರೋ ಗೊತ್ತಾಗಲಿಲ್ಲ. ನಾನು ಅಲ್ಲಿಗೇ ಬಿಡಲಿಲ್ಲ. ಯುಗಾದಿಗೆ ತಗಡು ಹೊಡೆಸಿ ಸಿಂಹವನ್ನು ಬೋನಿಗೆ ಹಾಕುತ್ತೀರಲ್ಲ, ಅದಕ್ಕೆ ಯಾವ ಆಯ ಎಂದು ಕೇಳಿದೆ. ಮಾವ ಮಜ್ಜಿಗೆ ಕುಡಿಯದೆ ಎದ್ದು ಹೋದರು. ಅತ್ತೆ ಆ ಲೋಟವನ್ನು ಬಹಳ ಹೊತ್ತು ತೊಳೆದರು.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜ ಒಳ್ಳೆಯ ಅಳತೆ ಕೂಡಿಸಿ ಕೋಟೆಗೆ ಬಾಗಿಲಿಟ್ಟನಂತೆ. ಸುಗ್ಗಿ ಬಂತು, ಕಾಳಿನ ಗಾಡಿಗಳು ಬಂದವು, ಒಂದೂ ಆ ಬಾಗಿಲಲ್ಲಿ ನುಗ್ಗಲಿಲ್ಲ. ಹೊರಗೆ ಕಾಳು, ಒಳಗೆ ರಾಜ. ಬಾಗಿಲನ್ನು ಮುಟ್ಟಬೇಡಿ ಎಂದು ಮೂರು ದಿನ ಕೂಗಿದನಂತೆ. ನಾಲ್ಕನೇ ದಿನ ತಾನೇ ಗೋಡೆ ಹಾರಿ ಬಂದು ಗಾಡಿಯವರ ಜೊತೆ ಮುದ್ದೆ ಉಂಡನಂತೆ. ಬಾಗಿಲಿಗೆ ಹೊಟ್ಟೆ ಇಲ್ಲ ಮಗಾ ಎಂದು ಅಜ್ಜಿ ಮುಗಿಸುತ್ತಿದ್ದಳು.

ಫೆಬ್ರವರಿ 15, ಶನಿವಾರ

ತೋಳಿಗೆ ಬಲ ಬೇಕು. ಮಿಲ್ಲಿನ ತೂಕದ ಕಲ್ಲು ತರಿಸಿಕೊಂಡು ಎಡಗೈಯಲ್ಲಿ ಎತ್ತಿದೆ. ಆಮೇಲೆ ಬಲಗೈ.

ಫೆಬ್ರವರಿ 20, ಗುರುವಾರ

ಹನುಮಕ್ಕ ಬಂದಿದ್ದಳು. ಪಕ್ಕದ ಹಳ್ಳಿಯವಳು, ನನ್ನ ಮಿಲ್ಲು ಬಿಟ್ಟು ಬೇರೆ ಕಡೆ ರಾಗಿ ಹಾಕಿಸದವಳು. ಈಗ ಸಂತೆಬೀದಿಯ ಮಿಲ್ಲಿಗೆ ಹೋಗುತ್ತಾಳಂತೆ. ಅವರ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರೆ ಗಂಡ ಗೋಡೆಗೆ ಎಸೆದು ನೋಡುತ್ತಾನಂತೆ, ಗೋಡೆ ಬೀಳುತ್ತದೋ ಮುದ್ದೆ ಒಡೆಯುತ್ತದೋ ಎಂದು. ನೀನು ಯಾವಾಗ ಎದ್ದು ಬರ್ತೀಯ ಎಂದಳು. ಎದ್ದು ಬರುವುದಿಲ್ಲ, ಕೂತೇ ಬರುತ್ತೇನೆ, ಸಹಾಯ ಮಾಡುತ್ತೀಯಾ ಎಂದೆ. ಸೆರಗು ಸಿಕ್ಕಿಸಿದಳು.

ಆಸ್ಪತ್ರೆಯಲ್ಲಿ ಫಿಸಿಯೊ ಮೇಡಂ ಹೇಳಿದ್ದ ಮಾತು ನೆನಪಿತ್ತು, ಒಂದಕ್ಕೆ ಹನ್ನೆರಡು. ಮೆಟ್ಟಿಲಿನ ಎತ್ತರ ಒಂದು ಗೇಣು ಇದ್ದರೆ ಜಾರು ಹನ್ನೆರಡು ಗೇಣು ಉದ್ದ ಇರಬೇಕು. ಹನುಮಕ್ಕ ಗೇಣು ಹಾಕಿಕೊಂಡು ಹೋದರೆ ಮಿಲ್ಲಿನ ಅರ್ಧ ನೆಲ ಮುಗಿಯಿತು. ಅಟ್ಟದ ಹಳೆಯ ಹಲಗೆಗಳನ್ನು ಇಳಿಸಿದಳು. ಯಾವ ಅಟ್ಟದಿಂದ ನಾನು ಬಿದ್ದೆನೋ ಅದೇ ಅಟ್ಟ. ಅವು ನನ್ನ ಮುಂದೆ ಧಡ್ ಎಂದು ಬಿದ್ದಾಗ ಮನಸ್ಸಿಗೆ ಏನೋ ಒಂದು ಹಿತವಾಯಿತು. ರಾಮಾಂಜಿನಯ್ಯನ ಕಡಿದಾದ ಜಾರು ಅಡಿಯಲ್ಲಿ ಹುದುಗಿ, ನಮ್ಮ ಹಲಗೆಗಳಿಗೆ ಆಸರೆಯಾಯಿತು. ಕೆಳಗಡೆ ಇಟ್ಟಿಗೆ ಕೊಟ್ಟೆವು. ಹಲಗೆಯ ಮೇಲೆ ಗೋಣಿತಾಟು ಬಿಗಿದು ಮೊಳೆ ಹೊಡೆದೆ, ಗಾಲಿ ಜಾರದ ಹಾಗೆ. ಅಂಚಿಗೆ ಬಿದಿರು ಸೀಳು, ಗಾಲಿ ಆಚೆ ಬೀಳದ ಹಾಗೆ. ಹೆಬ್ಬೆರಳಿಗೂ ಎರಡು ಸಲ ಹೊಡೆದುಕೊಂಡೆ.

ನಮ್ಮವರು ಬಂದು ನೋಡಿ, ಜಾರು ಚೆನ್ನಾಗಿದೆ, ಆದರೆ ಮಹಾಲಿಂಗಯ್ಯನವರಿಗೆ ಮಾತು ಕೊಟ್ಟಾಗಿದೆ ಎಂದರು. ನೀವು ಕೊಟ್ಟಿದ್ದು ನಿಮ್ಮ ಮಾತು, ಮಿಲ್ಲು ನನ್ನದು ಎಂದೆ.

ಫೆಬ್ರವರಿ 27, ಗುರುವಾರ

ಅತ್ತೆ ಶಿವರಾತ್ರಿಗೆ ತಮ್ಮನ ಮನೆಗೆಂದು ಕುಣಿಗಲ್‌ಗೆ ಹೋಗಿದ್ದಾರೆ. ನಮ್ಮವರು ಆಫೀಸಿಗೆ. ಹನುಮಕ್ಕ ಬೆಳಿಗ್ಗೆಯೇ ಕಬ್ಬಿಣದ ಸಲಾಕಿ ಹಿಡಿದು ಬಂದಳು.

ಸಲಾಕಿ ಇಟ್ಟದ್ದು ಅವಳು, ಮೀಟಿದ್ದು ನಾನು. ಅವಳು ಮೀಟಲು ಒಪ್ಪಲಿಲ್ಲ. ಸಿಂಹ ಶಾಪ ಕೊಟ್ರೆ ನಿಂಗೇ ಕೊಡ್ಲಿ ತಾಯಿ, ನಂಗೆ ಇನ್ನೂ ಹಬ್ಬ ಮಾಡದೈತೆ ಎಂದಳು. ಹಳೆಯ ಮೊಳೆ ಬರುವಾಗ ಕತ್ತೆ ಕೂಗಿದ ಹಾಗೆಯೇ ಕೂಗಿತು. ಇಬ್ಬರೂ ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಟ್ಟಿಯ ಹಿಂದೆ ಚೌಕಟ್ಟಿನ ಮರ ಹೊಸದರ ಹಾಗೆ ಹೊಂಬಣ್ಣಕ್ಕಿತ್ತು. ತೀರಿಕೊಂಡ ಮಾವ ಮೊದಲು ಮಾಡಿಸಿದ ಬಾಗಿಲು ಅದು.

ಹೊಸ್ತಿಲನ್ನು ಮುಟ್ಟಲಿಲ್ಲ. ಅತ್ತೆ ದಿನಾ ಅರಿಸಿನ ಕುಂಕುಮ ಇಡುವ ಹೊಸ್ತಿಲು, ಅದನ್ನು ಕುಯ್ಯಲು ನನಗೂ ಕೈ ಏಳಲಿಲ್ಲ. ಅದರ ಈಚೆಗೊಂದು ಆಚೆಗೊಂದು ಇಳಿಜಾರು ಮರದ ತುಂಡು ಮಾಡಿಟ್ಟೆವು. ಎತ್ತಿ ತೆಗೆಯಬಹುದು, ಮತ್ತೆ ಇಡಬಹುದು.

ಆಮೇಲೆ ದಾಟಿದೆ. ಗೆಣ್ಣಿಗೆ ಏನೂ ತಾಗಲಿಲ್ಲ. ಹಲಗೆಯ ಮೇಲೆ ಇಳಿದೆ, ಮಿಲ್ಲಿಗೆ ಒಂದು ಸುತ್ತು ಹಾಕಿದೆ, ರಸ್ತೆಯ ಅಂಚಿಗೆ ಹೋಗಿ ನಿಂತೆ. ಎದುರು ಅಂಗಡಿಯವರು ಕೈ ಎತ್ತಿದರು. ನಾನೂ ಎತ್ತಿದೆ.

ಮಾರ್ಚ್ 2, ಭಾನುವಾರ

ಅತ್ತೆ ನಿನ್ನೆ ಬಂದರು. ಬಾಗಿಲು ನೋಡಿದರು. ಗೋಡೆಗೆ ಒರಗಿಸಿದ್ದ ಎರಡು ಪಟ್ಟಿಗಳನ್ನೂ ನೋಡಿದರು. ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರು. ನಾನು ಉತ್ತರ ಕಟ್ಟಿಟ್ಟುಕೊಂಡು ಕೂತಿದ್ದೆ. ಎಲ್ಲ ದಂಡವಾಯಿತು. ಇವತ್ತು ಬೆಳಿಗ್ಗೆ ಹೊಸ್ತಿಲ ಪೂಜೆಗೆ ಮರದ ತುಂಡುಗಳನ್ನು ಎತ್ತಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟರು. ಮತ್ತೆ ತಂದಿಡಲಿಲ್ಲ. ರಜೆಯಾದರೂ ನಮ್ಮವರು ತುಮಕೂರಿಗೆ ಹೋಗಿದ್ದರು, ಸಂಜೆ ಅವರು ಬರುವವರೆಗೆ ನಾನು ಒಳಗೇ.

ಮಾರ್ಚ್ 3, ಸೋಮವಾರ

ಇವತ್ತೂ ಅಷ್ಟೆ.

ಮಾರ್ಚ್ 7, ಶುಕ್ರವಾರ

ಪಟ್ಟಿ ಹೋದ ಮೇಲೆ ಬಾಗಿಲು ಮುಚ್ಚಿದರೆ ಎರಡೂ ಅಂಚಿನಲ್ಲಿ ಸಂದು. ಮಿಲ್ಲಿನ ಇಲಿಗಳಿಗೆ ಇದು ಮೊದಲು ತಿಳಿಯಿತು. ಅತ್ತೆಯ ದೇವರ ಮನೆಯಲ್ಲಿ ಒಂದು ಇಲಿ ಕಡಲೆಪುರಿ ತಿನ್ನುತ್ತ ಸಿಕ್ಕಿಬಿದ್ದಿತು.

ಅತ್ತೆ ಪೊರಕೆ ಹಿಡಿದು ಬಾಗಿಲ ಮುಂದೆ ನಿಂತು ಯೋಚನೆ ಮಾಡಿದರು. ಆಮೇಲೆ ಒಂದು ಪಟ್ಟಿಯನ್ನು ಎತ್ತಿ ಬಾಗಿಲಿನ ಅಂಚಿಗೇ ಒತ್ತಿ ಹಿಡಿದರು, ಚೌಕಟ್ಟಿಗಲ್ಲ, ಬಾಗಿಲಿಗೆ. ಆ ಕಡೆಯ ಸಂದು ಮುಚ್ಚಿತು. ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸಿದರು. ಪಟ್ಟಿಯೂ ಅದರ ಜೊತೆ ಅತ್ತ ಹೋಯಿತು, ದಾರಿ ಅಗಲವಾಗಿಯೇ ಉಳಿಯಿತು.

“ಏನ್ ನೋಡ್ತಾ ಕೂತಿದೀಯ? ಮೊಳೆ ಹೊಡಿ. ಇಲಿ ಕಾಟ ತಡೆಯಕ್ಕಾಗಕಿಲ್ಲ.”

ಎರಡೂ ಪಟ್ಟಿಗಳನ್ನು ಅವರು ಹಿಡಿದುಕೊಂಡರು, ನಾನು ಹೊಡೆದೆ. ಮೇಲಿನ ಮೊಳೆ ನನಗೆ ಎಟುಕಲಿಲ್ಲ, ಅವರು ಹೊಡೆದರು. ನನಗಿಂತ ನೇರವಾಗಿ ಹೊಡೆಯುತ್ತಾರೆ.

ಮಾರ್ಚ್ 16, ಭಾನುವಾರ

ಎಲೆಕ್ಟ್ರಿಷಿಯನ್ ಬಂದು ಮಿಲ್ಲಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನನ್ನ ಭುಜದ ಎತ್ತರಕ್ಕೆ ಇಳಿಸಿದ. ಬೆಲ್ಟಿಗೆ ಜಾಲರಿ ಹಾಕಿಸಿದೆ. ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡೆ, ಗಾಲಿಗೆ ಸೆರಗು ಸಿಕ್ಕುವ ರಗಳೆ ಇಲ್ಲ. ಕಾಳು ಸುರಿಯುವ ಬಾಯಿ ಎತ್ತರದಲ್ಲಿದೆ, ಅದೊಂದು ನನ್ನಿಂದಾಗುವುದಿಲ್ಲ. ಮನೆಯಿಂದ ಹೊತ್ತು ತಂದವರು ಇನ್ನು ಎರಡು ಅಡಿ ಮೇಲೆ ಎತ್ತಲಾರರಾ? ಅವರವರ ರಾಗಿ ಅವರವರೇ ಸುರಿಯಲಿ.

ಗಾಡಿಯ ಬಲಗಾಲಿ ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ, ಸಡಿಲವಾಗಿದ್ದ ಬ್ರೇಕನ್ನೂ ಬಿಗಿ ಮಾಡಿದೆ. ಒಳ್ಳೆಯ ಗಾಡಿ. ನಮ್ಮವರ ಸ್ಕೂಟರಿಗಿಂತ ಮಾತು ಕೇಳುತ್ತದೆ.

ಹೊಸ್ತಿಲಿನ ಮರದ ತುಂಡುಗಳು ಇವತ್ತು ಪೂಜೆ ಆದ ಮೇಲೂ ಜಾಗದಲ್ಲೇ ಇದ್ದವು. ತುಂಡಿನ ಮೇಲೂ ಒಂದು ಬೊಟ್ಟು ಅರಿಸಿನ ಬಿದ್ದಿತ್ತು. ಅತ್ತೆಗೆ ಕಣ್ಣು ಸ್ವಲ್ಪ ಮಂಜು, ತಪ್ಪಿ ಇಟ್ಟಿರಬೇಕು.

ಮಾರ್ಚ್ 28, ಶುಕ್ರವಾರ

ನಾಳೆ ಬೆಳಿಗ್ಗೆ ಮಹಾಲಿಂಗಯ್ಯ ತಗಡು, ಬೀಗ ತರುತ್ತಾರಂತೆ. ನಮ್ಮವರು ಇವತ್ತೂ ಫೋನಿನಲ್ಲಿ ಆಯಿತು ಆಯಿತು ಎಂದದ್ದು ಕೇಳಿಸಿತು. ಇಲ್ಲ ಎನ್ನಲು ಬಾಯಿ ಬಾರದ ಮನುಷ್ಯ. ನನ್ನ ಕಡೆ ತಿರುಗಿ, ಬಂದವರ ಮುಂದೆ ರಂಪ ಮಾಡಬೇಡ ಎಂದು ಬೇಡಿಕೊಂಡರು. ಮಾಡುವುದಿಲ್ಲ ಎಂದೆ. ರಂಪ ಮಾಡಲು ನನಗೆ ಪುರುಸೊತ್ತು ಎಲ್ಲಿದೆ? ಹನುಮಕ್ಕನಿಗೆ ಫೋನು ಮಾಡಿ, ಹಬ್ಬದ ಹಿಟ್ಟಿಗೆ ನಾಳೆ ಬಾ, ನಾಲ್ಕು ಜನಕ್ಕೆ ಹೇಳಿ ಬಾ ಎಂದೆ.

ಮಾರ್ಚ್ 29, ಶನಿವಾರ

ಎಲ್ಲರಿಗಿಂತ ಮುಂಚೆ ಎದ್ದೆ. ಮಂಚದಿಂದ ಗಾಡಿಗೆ, ಗಾಡಿಯಿಂದ ಹೊಸ್ತಿಲಾಚೆಗೆ, ಹಲಗೆಯ ಮೇಲೆ ಕೆಳಕ್ಕೆ. ರೋಲಿಂಗ್ ಷಟರನ್ನು ಕೋಲಿನಿಂದ ಮೀಟಿ ಎತ್ತಿದೆ. ಸ್ಟಾರ್ಟರ್ ಒತ್ತಿದೆ. ಐದು ತಿಂಗಳು ಮಲಗಿದ್ದ ಕಲ್ಲು ಒಂದು ಸಲ ನರಳಿ ಎದ್ದುಕೊಂಡಿತು. ಹನುಮಕ್ಕ ಬಂದವಳೇ ಕಲ್ಲಿಗೆ ಅಂಟಿದ ಹಳೇ ಹಿಟ್ಟು ತೆಗೆಯಲು ಒಂದು ಪಡಿ ಅಕ್ಕಿ ಸುರಿದಳು. ಸದ್ದು ಕೇಳಿ ಬೀದಿಯ ಜನ ಡಬ್ಬಿ, ಚೀಲ, ಬಕೆಟ್ ಹಿಡಿದು ಬಂದರು. ಸಾಲು ರಸ್ತೆಗೆ ಮುಟ್ಟಿತು. ಮಿಲ್ಲಿನ ಬಾಯಿಗೆ ಕೈಯೊಡ್ಡಿ ಮೊದಲ ಹಿಟ್ಟು ಹಿಡಿದೆ. ಬೆಚ್ಚಗಿತ್ತು. ಸ್ವಲ್ಪ ತರಿ, ಕಲ್ಲನ್ನು ಒಂದು ತಿರುಗು ಬಿಗಿ ಮಾಡಿದೆ, ಸರಿಹೋಯಿತು.

ಮಹಾಲಿಂಗಯ್ಯ ಬಂದಾಗ ಸಾಲಿನವರು ಅವರನ್ನೂ ಹಿಂದೆ ನಿಲ್ಲಲು ಹೇಳಿದರಂತೆ. ಹೇಗೋ ಒಳಗೆ ಬಂದರು. ತಗಡು ಹೊತ್ತವನು ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ತಲೆಯ ಮೇಲೇ ಹಿಡಿದುಕೊಂಡು ನಿಂತ. ನಮ್ಮವರು ಹಲ್ಲುಜ್ಜುವ ಬ್ರಶ್ ಸಮೇತ ಬಾಗಿಲಿಗೆ ಬಂದರು. ಮಹಾಲಿಂಗಯ್ಯ ನನ್ನನ್ನು ನೋಡಿದರು, ಆದರೆ ಕೇಳಿದ್ದು ನನ್ನನ್ನಲ್ಲ, ನಮ್ಮವರನ್ನು.

“ಏನಪ್ಪಾ ಉದಯ, ಇವ್ರನ್ನ ಇಲ್ಲಿಗೆ ಯಾರು ಕರ್ಕೊಂಡ್ ಬಂದ್ರು?”

ನಮ್ಮವರು ಬಾಯಿ ತೆರೆದರು, ತುಂಬ ಪೇಸ್ಟು. ಅವರ ಹಿಂದಿನಿಂದ ಅತ್ತೆ ಮುಂದೆ ಬಂದರು. ಹೊಸ್ತಿಲು ದಾಟಿ ನಿಂತು, ಸೆರಗು ಹೊದ್ದುಕೊಂಡು, ಮಿಲ್ಲಿನ ಸದ್ದಿಗಿಂತ ಮೇಲೆ ಹೇಳಿದರು.

“ಯಾರೂ ಕರ್ಕೊಂಡ್ ಬರ್ಲಿಲ್ಲ ಕಣಪ್ಪ. ಬಂದ್ಲು.”

ಆಮೇಲೆ ತಗಡಿನವನಿಗೆ, ಅದು ಭಾರ, ಮನೆಗೇ ತಗೊಂಡು ಹೋಗು ಎಂದರು. ನಮ್ಮವರು ಬಾಯಿ ಮುಕ್ಕಳಿಸಿ ಬಂದು ಮಹಾಲಿಂಗಯ್ಯನವರನ್ನು ಕಾಫಿ ಕುಡಿಸಿ ಕಳಿಸಿದರು. ಕೊಟ್ಟ ಮಾತನ್ನು ಹೇಗೆ ವಾಪಸು ತೆಗೆದುಕೊಂಡರೋ ನಾನು ಕೇಳಲಿಲ್ಲ, ನನ್ನ ಮುಂದೆ ಹನ್ನೊಂದು ಡಬ್ಬಿಗಳಿದ್ದವು. ಕಾಫಿ ಆದ ಮೇಲೆ ಅವರು ತಾವಾಗಿಯೇ ಬಂದು ಸ್ಟೂಲು ಹತ್ತಿ ಜನರ ರಾಗಿ ಸುರಿದರು. ಆಫೀಸಿನ ಷರ್ಟು ಪೂರ್ತಿ ಬೆಳ್ಳಗಾಯಿತು.

ಏಪ್ರಿಲ್ 4, ಶುಕ್ರವಾರ

ಹಬ್ಬ ಮುಗಿದ ಮೇಲೆ ಬಸವಪ್ರಭು ಮಾವ ಬಂದಿದ್ದಾರೆ. ಟೇಪು ಜೇಬಿನಲ್ಲೇ ಇತ್ತು. ಬಾಗಿಲ ಮುಂದೆ ನಿಂತು, ಕೊನೆಗೂ ಕತ್ತೆ ಆಯಕ್ಕೇ ಇಳಿಸಿಬಿಟ್ಟಿರಲ್ಲ, ಊರಿನವರು ನಗುವುದಿಲ್ಲವೇ ಎಂದರು. ನಾನು ಹಲಗೆಯ ಮೇಲೆ ಅರ್ಧ ಹತ್ತಿದ್ದವಳು ಅಲ್ಲೇ ಬ್ರೇಕು ಹಾಕಿದೆ. ಬಾಯಿ ತೆರೆಯುವಷ್ಟರಲ್ಲಿ ನಮ್ಮತ್ತೆ ಒಳಗಿನಿಂದ ಮಜ್ಜಿಗೆ ಲೋಟ ತಂದು ತಮ್ಮನ ಕೈಗೆ ಕೊಟ್ಟರು.

“ಮುಚ್ಚಿದ್ರೆ ಸಿಂಹ ಕಣೋ ಪ್ರಭು, ತೆಗುದ್ರೆ ಕತ್ತೆ. ನಮ್ಮನೇಲಿ ಹಗಲೆಲ್ಲ ತೆಗ್ದೇ ಇರ್ತದೆ. ಕುಡಿ.”

ಮಾವ ಕುಡಿದರು. ಇನ್ನೂ ಏನೋ ಬರೆಯಬೇಕು ಅಂದುಕೊಂಡಿದ್ದೆ, ಹೊರಗೆ ಯಾರೋ ಡಬ್ಬಿ ಬಡಿಯುತ್ತಿದ್ದಾರೆ. ರಾಗಿ ಬಂದಿದೆ. ಹೋಗುತ್ತೇನೆ.